ಉಡಿ ತುಂಬಿಸಿಕೊಂಡು ಹೋದ ಚೆಂಡು

ಮನುಷ್ಯ ಕಾಲವನ್ನು ಅಳೆಯಲು ಕಲಿತ ದಿನವೇ ಅವನ ನೆಮ್ಮದಿ ಹಾಳಾಯಿತೆಂಬುದು ನನ್ನ ಗಂಭೀರವಾದ ಅಭಿಪ್ರಾಯ. ಗಳಿಗೆ, ತಾಸು, ನಿಮಿಷ ಎಂದು ಒಂದೊಂದಕ್ಕೂ ಹೆಸರಿಟ್ಟು, ತನ್ನ ಕೊರಳಿಗೆ ತಾನೇ ಎಳೆ ಎಳೆಯಾಗಿ ಹಗ್ಗ ಹೊಸೆದುಕೊಂಡ. ಯಾದಗಿರಿಯ ನಾವು ಆ ಉಸಾಬರಿಗೆ ಹೋಗಿರಲಿಲ್ಲ. ನಮಗೆ ಸಂಜೆಯ ಪ್ಯಾಸೆಂಜರ್ ಗಾಡಿ ಇತ್ತು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಮಾತು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಅದರ ದೆಸೆಯಿಂದ ನಮ್ಮಲ್ಲಿ ಸೀಮೆಎಣ್ಣೆ, ಪೆಟ್ರೋಲು ಎರಡೂ ಕಾಣೆಯಾಗಿ, ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಸೌಜನ್ಯದ ಮಾತು. ನಾನು ತಹಸೀಲ ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಬರೆಯುವ ಗುಮಾಸ್ತ. ಹಗಲೆಲ್ಲ ಬಲದಿಂದ ಎಡಕ್ಕೆ ಬರೆದು ಬರೆದು ಕಣ್ಣು ಒಂದೇ ಕಡೆ ಜೋಲುತ್ತಿತ್ತು. ಸಂಜೆ ಸ್ಟೇಶನ್ನಿನ ಪಕ್ಕದ ಮೈದಾನದಲ್ಲಿ ಚೆಂಡು ಎರಡೂ ಕಡೆ ಹೋಗಿಬರುವುದನ್ನು ನೋಡಿದರೆ ಅದು ಮತ್ತೆ ನೆಟ್ಟಗಾಗುತ್ತಿತ್ತು.

ನಾನು ಆಟಗಾರನಲ್ಲ, ಯಾದಗಿರಿ ಫುಟ್‌ಬಾಲ್ ತಂಡದ ಅಭಿಮಾನಿ. ಆಟಗಾರರು ಬಿಚ್ಚಿಟ್ಟ ಧೋತರ, ರುಮಾಲು, ಟೋಪಿಗಳ ಗುಪ್ಪೆಯನ್ನು ಕಾಯುವ ಹುದ್ದೆ ನನ್ನದು. ಅದನ್ನು ಸಣ್ಣ ಹುದ್ದೆ ಎನ್ನುವವರು ಎನ್ನಲಿ. ತಂಡದ ಮಾನವೆಲ್ಲ ಆ ಹೊತ್ತು ನನ್ನ ಕೈಯಲ್ಲಿರುತ್ತಿತ್ತು.

ತಂಡದ ಕಪ್ತಾನ ನನ್ನ ಸೋದರಮಾವ. ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಕೆಲಸ. ಮಾವನೆಂದರೂ ನನಗಿಂತ ಬಹಳ ದೊಡ್ಡವನೇನಲ್ಲ. ಆದರೆ ಆ ವೇಳೆಗೆ ಅವನ ಬಲ ಮೊಣಕಾಲು ಅವನಿಗಿಂತ ಹಿರಿಯದಾಗಿತ್ತು. ಕುಳಿತಲ್ಲಿಂದ ಏಳುವಾಗ ಮೊದಲು ಕಾಲು ಒಂದು ಮಾತು ಆಡುತ್ತಿತ್ತು, ಆಮೇಲೆ ಮಾವ ಏಳುತ್ತಿದ್ದ.

ನಮ್ಮ ಮೈದಾನದ ಪದ್ಧತಿ ಹೀಗಿತ್ತು. ಬಿಸಿಲು ಇಳಿದ ಮೇಲೆ ಪಂದ್ಯ ಶುರು. ಗೋಲ್‌ಕೀಪರ್ ಎಲೆ-ಅಡಿಕೆಯ ಚೀಲ ಬಿಚ್ಚಿದರೆ ಅರ್ಧ ಆಟ ಮುಗಿಯಿತೆಂದು ಅರ್ಥ. ಸೈದಾಪುರದ ಕಡೆಯಿಂದ ಬರುವ ಸಂಜೆಯ ಪ್ಯಾಸೆಂಜರ್ ನಮ್ಮ ಸ್ಟೇಶನ್ನಿನಲ್ಲಿ ನಿಂತು ಹೊರಟಾಗ ಪಂದ್ಯ ಮುಕ್ತಾಯ. ಯಾರ ಕೈಯಲ್ಲೂ ಗಡಿಯಾರವಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಒಮ್ಮೆ ಗಾಡಿ ಎಲ್ಲೋ ಕೆಟ್ಟು ನಿಂತು, ಚೆಂಡು ಕಾಣದಷ್ಟು ಕತ್ತಲಾಗುವವರೆಗೂ ಎರಡೂ ಕಡೆಯವರು ಆಡಿದರು. ಕೊನೆಗೆ ಸ್ಟೇಶನ್ ಮಾಸ್ತರರೇ ಬಂದು ಕೈಮುಗಿದು ಬಿಡಿಸಿದರು. ಆಗಲೂ ಯಾರೂ ತಕರಾರು ತೆಗೆಯಲಿಲ್ಲ. ಗಾಡಿ ಬಂದಿಲ್ಲವೆಂದರೆ ಹೊತ್ತಾಗಿಲ್ಲ, ಅಷ್ಟೆ.

ಮಾವನ ಯುದ್ಧತಂತ್ರವೆಲ್ಲ ಈ ಗಾಡಿಯ ಮೇಲೆ ನಿಂತಿತ್ತು. ಗಾಡಿ ಬರುತ್ತಿದೆಯೆಂದು ತೋರಿಸಲು ಸಿಗ್ನಲ್ ಕಂಬದ ಅಡ್ಡ ಕೈ ಕೆಳಗೆ ಬೀಳುವವರೆಗೆ ನಮ್ಮವರು ಓಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಎಲೆ-ಅಡಿಕೆಯ ತಟ್ಟೆ ದಾಟಿಸುವಂತೆ ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸಿಕೊಂಡು ಇರುತ್ತಿದ್ದರು. ಎದುರಿನವರು ಆ ಕಡೆ ಈ ಕಡೆ ಓಡಿ ಬೆವರು ಸುರಿಸುತ್ತಿದ್ದರು. "ಗಾಡಿ ಬರಲಿ, ಗಾಡಿ ಬರಲಿ" ಎಂದು ಮಾವ ನಡುನಡುವೆ ಮಂತ್ರದಂತೆ ಹೇಳುತ್ತಿದ್ದ. ಸಿಗ್ನಲ್ಲಿನ ಕೈ ಖಟ್ಟೆಂದು ಬಿತ್ತೋ, ಹನ್ನೊಂದು ಮಂದಿಗೂ ಒಮ್ಮೆಲೇ ಮೈಮೇಲೆ ಬಂದಂತಾಗುತ್ತಿತ್ತು. ಅಲ್ಲಿಂದ ಗಾರ್ಡನ ಸೀಟಿಯವರೆಗೆ ಅವರನ್ನು ತಡೆದವರಿಲ್ಲ. ನಾಲವಾರ, ವಾಡಿಯ ಕಡೆಯಿಂದ ಬಂದ ತಂಡಗಳು ಅದೇ ಗಾಡಿ ಹತ್ತಿ ಊರಿಗೆ ಮರಳಬೇಕಾಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಗೆಲುವುಗಳಲ್ಲಿ ಎಷ್ಟೋ ಗೋಲು, ಎದುರಿನ ಗೋಲ್‌ಕೀಪರ್ ತನ್ನ ಚಪ್ಪಲಿ ಹುಡುಕುತ್ತಿದ್ದಾಗ ಆದವು. ನಾವು ಅದನ್ನೂ ಆಟವೆಂದೇ ಕರೆಯುತ್ತಿದ್ದೆವು. ಸೈದಾಪುರಕ್ಕೆ ಹೋಗಿ ಆಡಿದಾಗಲೂ ಗಾಡಿ ಅದೇ, ಆಟವೂ ಅದೇ.

ಇನ್ನು ಚೆಂಡಿನ ಸಂಗತಿ. ಇಡೀ ಯಾದಗಿರಿಗೆ ಒಂದೇ ಚೆಂಡು. ಜಿನ್ನಿನ ಯಂತ್ರದ ಸಾಮಾನು ತರಲು ಹೈದರಾಬಾದಿಗೆ ಹೋದ ಮಾವ, ಯಂತ್ರದ ಸಾಮಾನನ್ನು ಚೀಲದಲ್ಲಿ ಹಾಕಿ ಚೆಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಯುದ್ಧದ ಕಾಲದಲ್ಲಿ ಇನ್ನೊಂದು ಸಿಗುವ ಮಾತೇ ಇರಲಿಲ್ಲ. ಅಡುಗೆಮನೆಯ ನೆಲುವಿನಲ್ಲಿ ಬೆಣ್ಣೆಯ ಗಡಿಗೆ ತೂಗುತ್ತಿತ್ತಲ್ಲ, ಅದನ್ನು ಕೆಳಗಿಳಿಸಿ ಚೆಂಡನ್ನು ಅಲ್ಲಿ ಕೂರಿಸಿದ. ಬೆಕ್ಕು ಬೆಣ್ಣೆ ತಿಂದಿತು. ಅತ್ತೆ, ಅಂದರೆ ಮಾವನ ಹೆಂಡತಿ, ಬೆಕ್ಕಿಗೆ ಏನೂ ಅನ್ನಲಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳಿಗೆ ಸೇರಿ ಒಂದು ಕಟ್ಟಳೆ ಇತ್ತು. ಯಾರು ಮಾಡಿದರೋ ತಿಳಿಯದು. ದೀಪಾವಳಿಯಿಂದ ಯುಗಾದಿಯವರೆಗೆ ಆಟದ ಹಂಗಾಮು. ಪಂದ್ಯಕ್ಕೆ ಎರಡೂ ತಂಡದವರು ತಮ್ಮ ತಮ್ಮ ಚೆಂಡು ತರಬೇಕು. ಸೋತವರ ಚೆಂಡು ಗೆದ್ದವರ ಊರಿಗೆ ಹೋಗಬೇಕು. ಯುಗಾದಿಯವರೆಗೆ ಅಲ್ಲೇ ಇದ್ದು, ಆಮೇಲೆ ತವರಿಗೆ ಬರಬೇಕು. ಸುಮ್ಮನೆ ಕೊಟ್ಟು ಕಳಿಸುವಂತಿಲ್ಲ; ಮಗಳನ್ನು ಗಂಡನ ಮನೆಗೆ ಕಳಿಸಿದಂತೆ ಅರಿಶಿಣ-ಕುಂಕುಮ ಹಚ್ಚಿ, ಕುಬಸದ ಖಣದಲ್ಲಿ ಕೂರಿಸಿ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ ಹಾಕಿ ಉಡಿ ತುಂಬಬೇಕು. ಸೋತ ಕಪ್ತಾನನೇ ತನ್ನ ಕೈಯಾರೆ ತುಂಬಬೇಕು. ಹಿಂದಿನ ಹಂಗಾಮಿನಲ್ಲಿ ಶಹಾಪುರದವರ ಚೆಂಡು ನಮ್ಮಲ್ಲಿ ಬಂದು ಕುಳಿತಿತ್ತು. ಚಳಿಗಾಲವೆಲ್ಲ ಪಾಪ ಅವರು ಚಿಂದಿ ಸುತ್ತಿದ ಉಂಡೆಯನ್ನು ಒದ್ದುಕೊಂಡಿದ್ದರಂತೆ. ನಮಗೆ ಬಹಳ ನಗು ಬಂದಿತ್ತು.

ಅದೇ ಅವರಿಗೆ ಚುಚ್ಚಿತೋ ಏನೋ. ಆ ವರ್ಷ ದೀಪಾವಳಿಗೆ ಮೊದಲೇ ಹೇಳಿಕಳಿಸಿದರು: ಪ್ರತಿ ವರ್ಷ ನಾವೇ ನಿಮ್ಮೂರಿಗೆ ಬರುತ್ತೇವೆ, ಈ ಸಲ ಮೊದಲ ಪಂದ್ಯಕ್ಕೆ ನೀವು ಬರ್ರಿ. ಮಾವ ಒಪ್ಪಿಕೊಂಡ. ಒಪ್ಪಿಕೊಂಡ ದಿನ ಸಂಜೆ ನಾನು ಅವನ ಮನೆಯಲ್ಲಿದ್ದೆ. ಅತ್ತೆ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ನನ್ನ ಮುಂದೆ ಫಿರ್ಯಾದು ಇಟ್ಟಳು.

"ರಾತ್ರಿ ಎಲ್ಲಾ ಈ ಕಾಲು ಎಣ್ಣಿ ಕುಡೀತದ, ಮುಂಜಾನೆದ್ದು ಚೆಂಡಿನ ಬೆನ್ನ ಹತ್ತತದ. ನೀನರ ಹೇಳಪಾ ನಿಮ್ಮ ಮಾವಗ. ಕಚೇರ್ಯಾಗ ಇರಾಂವ, ನಿನ್ನ ಮಾತು ಕೇಳಿದ್ರೂ ಕೇಳ್ಯಾರು."

"ಕಚೇರ್ಯಾಗೂ ಯಾರೂ ಕೇಳೂದಿಲ್ಲ ಅತ್ತಿ," ಎಂದೆ.

"ಈ ಹಂಗಾಮು ಒಂದ ಆಡ್ತೀನಿ," ಎಂದ ಮಾವ. "ಖರೇ ಹೇಳ್ತೀನಿ. ಪೂರಾ ಒಂದು ಹಂಗಾಮು. ಯುಗಾದಿ ಬೇವು ತಿಂದ ಮ್ಯಾಲ ಚೆಂಡು ಮುಟ್ಟಿದ್ರ ಕೇಳು."

"ಇದನ್ನ ಹೋದ ಯುಗಾದಿಗೂ ಹೇಳಿದ್ರಿ."

"ಆವಾಗ ಹಂಗಾಮು ಮುಗಿದಿತ್ತು. ಮುಗಿದ ಮ್ಯಾಲ ಯಾರರ ಬಿಡ್ತಾರೇನು? ಆಡೂದು ಇದ್ದಾಗ ಬಿಡ್ತೀನಿ ಅನ್ನಬೇಕು."

"ಹಂಗಾರ ದೇವರ ಮುಂದ ಹೇಳ್ರಿ."

ಮಾವ ಎದ್ದು ದೇವರ ಮುಂದೆ ಹೇಳಿದ. ದೇವರ ಮಾಡದ ಪಕ್ಕದಲ್ಲೇ ನೆಲುವು ತೂಗುತ್ತಿದ್ದುದರಿಂದ ಅವನು ಯಾವುದಕ್ಕೆ ಕೈಮುಗಿದನೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅವನ ಮುಖ ನೋಡಿದರೆ ಈ ಸಲ ಹುಡುಗಾಟವಲ್ಲ ಎಂದು ತಿಳಿಯುತ್ತಿತ್ತು. ಇದು ಕೊನೆಯ ಹಂಗಾಮು; ಅದನ್ನು ಚಳಿಗಾಲದುದ್ದ, ಒಂದು ಶುಕ್ರವಾರವನ್ನೂ ಬಿಡದೆ ಆಡಿ ತೀರಿಸಬೇಕು. ಅದಕ್ಕೆ ಬೇಕಾದುದು ಒಂದೇ, ಚೆಂಡು ನಮ್ಮಲ್ಲಿ ಉಳಿಯಬೇಕು. ಅಂದರೆ ಮೊದಲ ಪಂದ್ಯ ಸೋಲಬಾರದು. ಆ ದಿನದಿಂದ ನನಗೆ ಸರಿಯಾಗಿ ಕೂತಲ್ಲಿ ಕೂರಲಾಗಲಿಲ್ಲ. ಕಚೇರಿಯಲ್ಲಿ ಒಂದೇ ಕಾಗದವನ್ನು ಎರಡು ಸಲ ನಕಲು ಮಾಡಿ ಬೈಸಿಕೊಂಡೆ.

ದೀಪಾವಳಿ ಕಳೆದ ಮೊದಲ ಶುಕ್ರವಾರ ಹೊರಟೆವು. ನಮ್ಮ ಸರ್ಕಾರದಲ್ಲಿ ವಾರದ ರಜೆ ಶುಕ್ರವಾರವೇ. ಹೊರಡುವಾಗ ಅತ್ತೆ ರೊಟ್ಟಿಯ ಗಂಟು ಕೊಟ್ಟು, "ಉಡಿ ಸಾಮಾನು ತಗೊಂಡ್ರ್ಯಾ?" ಎಂದು ಕೇಳಿದಳು.

"ಸೋಲಿನ ಸಾಮಾನು ಮನಿಯಿಂದನ ಹೊತ್ಕೊಂಡು ಹೋಗಬೇಕೇನು?" ಎಂದು ಮಾವ ರೇಗಿದ. "ಬ್ಯಾಡ. ತರಾಕ ಹೊಂಟೀವಿ, ಕೊಡಾಕಲ್ಲ."

ಇದ್ದಿಲಿನ ಬಸ್ಸು ಭೀಮೆಯನ್ನು ದಾಟಿ ಏರು ಬಂದಲ್ಲೆಲ್ಲ ಉಸಿರು ಕಟ್ಟಿ ನಿಲ್ಲುತ್ತಿತ್ತು. ಎಲ್ಲರೂ ಇಳಿದು ತಳ್ಳಿದೆವು. ಮಿಠಾಯಿ ಅಂಗಡಿಯವನಾದ ನಮ್ಮ ಗೋಲ್‌ಕೀಪರ್ ಮಾತ್ರ ಇಳಿಯಲಿಲ್ಲ. ತಾನು ಇಳಿದರೆ ಬಸ್ಸಿನ ಸಮತೂಕ ತಪ್ಪುತ್ತದೆ ಎಂದ. ಭಾರಿ ಆಳು. ಗೋಲಿನ ಅರ್ಧವನ್ನು ದೇಹದಿಂದಲೇ ಮುಚ್ಚುತ್ತಿದ್ದ, ಉಳಿದರ್ಧವನ್ನು ದೇವರಿಗೆ ಬಿಡುತ್ತಿದ್ದ. ಮಾವ ಚೆಂಡನ್ನು ಮಡಿಲಿನಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಕಾಲು ಮಾತ್ರ ಕುಣಿಯುತ್ತಿತ್ತು.

ಶಹಾಪುರದ ಗುಡ್ಡ ದೂರದಿಂದ ನೋಡಿದರೆ ಒಬ್ಬ ಮನುಷ್ಯ ಅಂಗಾತ ಮಲಗಿದಂತೆ ಕಾಣುತ್ತದೆ. ಊರು ಹತ್ತಿರವಾಗುವವರೆಗೂ ಅವನು ಕಣ್ಣೆದುರಿಗೇ ಮಲಗಿದ್ದ. ಅಷ್ಟು ನಿಶ್ಚಿಂತೆಯಿಂದ ಮಲಗಿದವನನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಮೈದಾನದಲ್ಲಿ ಊರೇ ನೆರೆದಿತ್ತು. ಬಿದಿರಿನ ಗೋಲುಕಂಬ ನೆಟ್ಟು ಹಗ್ಗ ಬಿಗಿದಿದ್ದರು. ರೆಫರಿಯಾಗಿ ಸುರಪುರದ ಶಾಲೆಯ ಡ್ರಿಲ್ ಮಾಸ್ತರರನ್ನು ಕರೆಸಿದ್ದರು. ಯಾದಗಿರಿಯವರಲ್ಲ, ಶಹಾಪುರದವರಲ್ಲ, ಹೀಗಾಗಿ ನ್ಯಾಯಸ್ಥರು. ಮೊಣಕಾಲಿನವರೆಗಿನ ಖಾಕಿ ಚಡ್ಡಿ, ಮೇಲೆ ಕರಿ ಕೋಟು, ಕೋಟಿನ ಜೇಬಿನಲ್ಲಿ ಸರಪಳಿಯ ಗಡಿಯಾರ. ಅದು ಅರಸರ ಕಾಲದಿಂದ ಅವರ ಮನೆತನದಲ್ಲಿದೆಯಂತೆ. ಸುರಪುರದವರ ಮನೆಯಲ್ಲಿ ಅರಸರ ಕಾಲದ್ದಲ್ಲದ ವಸ್ತುವನ್ನು ನಾನು ಈವರೆಗೆ ಕಂಡಿಲ್ಲ.

ಮಾವ ಪದ್ಧತಿಯಂತೆ ಹೋಗಿ ನಮಸ್ಕಾರ ಮಾಡಿದ.

"ಎಷ್ಟೊತ್ತು ಆಡಸ್ತೀರಿ ಮಾಸ್ತರ?"

"ಗಡಿಯಾರ ಹೇಳಿದಷ್ಟೊತ್ತು."

"ಅದು ಹೇಳಿದ್ದು ನಮಗ ಹೆಂಗ ಕೇಳಸಬೇಕ್ರಿ?"

"ನಿಮಗ ಕೇಳಸೂದಿಲ್ಲ. ನನಗ ಹೇಳ್ತದ, ನಾ ಸೀಟಿ ಹೊಡೀತೀನಿ."

"ಹಾಂ, ಸೀಟಿ ಹೊಡೀತೀರಲ್ಲ, ಆತು ಬಿಡ್ರಿ," ಎಂದು ಮಾವ ಸಮಾಧಾನದಿಂದ ಮರಳಿದ. ಕೊನೆಗೆ ಸೀಟಿ ಇದೆ ಎಂದ ಮೇಲೆ ಅದಕ್ಕೆ ಮೊದಲು ಬರಬೇಕಾದದ್ದೂ ಬಂದೇ ಬರುತ್ತದೆ ಎಂದು ಅವನು ತಿಳಿದಿರಬೇಕು. ನಾವೆಲ್ಲರೂ ಹಾಗೇ ತಿಳಿದಿದ್ದೆವು. ತಿಳಿದಿದ್ದೆವು ಎನ್ನುವುದೂ ತಪ್ಪು. ಹೃದಯ ಬಡಿಯುವುದನ್ನು ಯಾರು ತಿಳಿದುಕೊಂಡು ಕೂರುತ್ತಾರೆ?

ಆಟ ಶುರುವಾಯಿತು. ಒಂದು ಚಳಿಗಾಲವಿಡೀ ಚಿಂದಿಯ ಉಂಡೆ ಒದ್ದವರ ಕಾಲಿಗೆ ನಿಜವಾದ ಚೆಂಡು ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಾನು ಅಂದು ನೋಡಿದೆ. ಶಹಾಪುರದವರು ಬೆನ್ನಿಗೆ ಬೆಂಕಿ ಹತ್ತಿದವರಂತೆ ಓಡಿದರು. ನಮ್ಮವರು ಎಂದಿನಂತೆ ಎಲೆ-ಅಡಿಕೆಯ ತಟ್ಟೆ ದಾಟಿಸುತ್ತಿದ್ದರು. ಬಹಳ ಹೊತ್ತಾಗುವ ಮೊದಲೇ ಅವರ ಕಪ್ತಾನ, ವಕೀಲರೊಬ್ಬರ ಹತ್ತಿರ ಕೆಲಸಕ್ಕಿದ್ದ ಕಡ್ಡಿಯಂಥ ಹುಡುಗ, ಒಂದು ಚೆಂಡನ್ನು ನಮ್ಮ ಗೋಲಿನ ದೇವರಿಗೆ ಬಿಟ್ಟ ಅರ್ಧದಲ್ಲಿ ಹೊಡೆದ. ದೇವರು ಹಿಡಿಯಲಿಲ್ಲ.

ಶಹಾಪುರ ಹುಚ್ಚೆದ್ದು ಕುಣಿಯಿತು. ಮಾವ ಚೆಂಡನ್ನು ನಡುವಿಗೆ ತಂದಿಡುತ್ತ ತಂಡದವರಿಗೆ, "ಇರಲಿ ಇರಲಿ. ಗಾಡಿ ಬರಲಿ," ಎಂದ. ಅವರೂ ತಲೆಯಾಡಿಸಿದರು. ನಾನೂ ಗುಪ್ಪೆಯ ಪಕ್ಕದಲ್ಲಿ ತಲೆಯಾಡಿಸಿ, "ಗಾಡಿ ಬರಲಿ, ತೋರಸ್ತೀವಿ," ಎಂದು ಗಟ್ಟಿಯಾಗಿ ಹೇಳಿದೆ.

ನನ್ನ ಮಗ್ಗುಲಲ್ಲಿ ಬೀಡಿ ಸೇದುತ್ತ ಕುಳಿತಿದ್ದ ಶಹಾಪುರದ ಮುದುಕನೊಬ್ಬ ನನ್ನತ್ತ ತಿರುಗಿದ.

"ಯಾ ಗಾಡಿಪಾ?"

"ರೈಲು," ಎಂದೆ.

"ರೈಲು? ನಮ್ಮೂರಾಗ ರೈಲೇ ಇಲ್ಲಲ್ಲೋ ತಮ್ಮ."

"ನಿಮ್ಮೂರಾಗ ಇಲ್ಲ, ನಮ್ಮೂರಾಗ ಅದ!" ಎಂದು ಎದೆಯುಬ್ಬಿಸಿ ಹೇಳಿದೆ. ಸುತ್ತಲಿದ್ದ ಯಾದಗಿರಿಯವರು ಶಾಬಾಸ್ ಎಂದರು. ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೀಡಿಯ ಬೂದಿ ಕೊಡವಿ, ಮತ್ತೆ ಆಟದತ್ತ ಮುಖ ಮಾಡಿದ. ಆ ಪಂದ್ಯವನ್ನು ಕುರಿತು ಈಚಿನವರೆಗೆ ನಾನು ಕೇಳಿದ ವಿಮರ್ಶೆಗಳಲ್ಲೆಲ್ಲ ಅವನದೇ ಅತ್ಯಂತ ನಿಖರವಾದದ್ದು. ಆದರೆ ಎದುರಾಳಿಯ ಊರಿನವನ ಮಾತು ಅಭಿಮಾನಿಯ ಕಿವಿಗೆ ಬಿದ್ದರೆ ಮೂದಲಿಕೆಯಾಗುತ್ತದೆಯೇ ಹೊರತು ಮಾಹಿತಿಯಾಗುವುದಿಲ್ಲ.

ಅರ್ಧ ಆಟಕ್ಕೆ ಡ್ರಿಲ್ ಮಾಸ್ತರರು ಸೀಟಿ ಹೊಡೆದಾಗ ನಮ್ಮ ಗೋಲ್‌ಕೀಪರ್ ಎಲೆ-ಅಡಿಕೆಯ ಚೀಲವನ್ನು ಇನ್ನೂ ಬಿಚ್ಚಿರಲಿಲ್ಲ. "ಇಂವ್ಯಾಕ ಇಷ್ಟು ಅವಸರ ಮಾಡಾಕತ್ತಾನ?" ಎಂದು ಕೇಳಿದ. ಮಾವನ ಮೊಣಕಾಲು ಬಾತಿತ್ತು. ನಾನು ಒಂದು ಒದ್ದೆ ರುಮಾಲು ಸುತ್ತಿದೆ.

"ಭಾಳ ನೋಯಾಕತ್ತದೇನು ಮಾವ?"

"ನೋಯಲಿ. ಇದರ ಹಂಗಾಮೂ ಇದ ಕಡೀದು. ಗಾಡಿ ಬಂದ ಮ್ಯಾಲ ಒಂದ ಓಟ ಓಡಿದ್ರ ಸಾಕು."

ಎರಡನೆಯ ಅರ್ಧದಲ್ಲಿ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಏನೋ ಇಲ್ಲ ಅನ್ನಿಸುತ್ತಿತ್ತು. ಧೋತರಗಳನ್ನು ಮತ್ತೆ ಮತ್ತೆ ಎಣಿಸಿದೆ, ಎಲ್ಲ ಇದ್ದವು. ಟೋಪಿಗಳೂ ಇದ್ದವು. ಹಸಿವೆ ಇರಬಹುದೆಂದು ರೊಟ್ಟಿಯ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ, ಅದೂ ಅಲ್ಲ. ಮೈದಾನದ ಮೂಲೆಯ ಜಾಲಿಗಿಡದ ಒಂದು ಕೊಂಬೆ ನೆಟ್ಟಗೆ ಅಡ್ಡಕ್ಕೆ ಚಾಚಿತ್ತು. ನನ್ನ ಕಣ್ಣು ಯಾಕೋ ಪದೇ ಪದೇ ಅದರ ಮೇಲೆಯೇ ಹೋಗುತ್ತಿತ್ತು. ಅದು ಕೆಳಗೆ ಬೀಳಲಿಲ್ಲ. ನಮ್ಮ ಆಟಗಾರರಲ್ಲೂ ಇಬ್ಬರು ಮೂವರು ಆಗಾಗ ಕತ್ತೆತ್ತಿ ದೂರ ನೋಡುವುದನ್ನು ಕಂಡೆ. ಗುಡ್ಡದ ನೆರಳು ಮೈದಾನದ ಅರ್ಧಕ್ಕೆ ಬಂದಿತ್ತು. ಇವತ್ತು ಗಾಡಿ ತಡವಾಗಿದೆ ಎಂದುಕೊಂಡೆ. ದೇವರಾಣೆ, ಹಾಗೆಯೇ ಅಂದುಕೊಂಡೆ.

ಆಗ ಆ ಅವಕಾಶ ಬಂತು. ಶಹಾಪುರದ ಬ್ಯಾಕ್ ಆಟಗಾರರಿಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಚೆಂಡು ಉರುಳಿ ಬಂದು ಮಾವನ ಕಾಲ ಬಳಿ ನಿಂತಿತು. ಮುಂದೆ ಗೋಲು. ನಡುವೆ ಅವರ ಗೋಲ್‌ಕೀಪರ್ ಒಬ್ಬನೇ, ಅವನೂ ಮೂಲೆಗೆ ಸರಿದಿದ್ದ. ಯಾದಗಿರಿಯ ಮೈದಾನದಲ್ಲಿ ಸಿಗ್ನಲ್ ಬಿದ್ದ ಮೇಲೆ ಇಂಥ ಚೆಂಡನ್ನು ಮಾವ ಕಣ್ಣು ಮುಚ್ಚಿ ಹೊಡೆಯುತ್ತಿದ್ದ.

ಮಾವ ಚೆಂಡನ್ನು ಕಾಲಲ್ಲಿ ತಡೆದ. ತಲೆಯೆತ್ತಿ ದೂರ ನೋಡಿದ. ಬಳಿಕ ಬಲು ಜಾಣತನದಿಂದ ಅದನ್ನು ಹಿಂದಕ್ಕೆ, ನಮ್ಮ ಬ್ಯಾಕಿನತ್ತ ದಾಟಿಸಿದ.

ಶಹಾಪುರದವರ ಬಾಯಿ ತೆರೆದದ್ದು ತೆರೆದೇ ಇತ್ತು. ನಮ್ಮ ಕಡೆಯವರಲ್ಲಿ ಮಾತ್ರ ಒಬ್ಬರೂ ಅಯ್ಯೋ ಎನ್ನಲಿಲ್ಲ. "ಶಾಣ್ಯಾ! ಉಸಿರು ಉಳಿಸ್ಯಾನ," ಎಂದರು ಒಬ್ಬರು. ನಾನೂ ಹೌದೆಂದೆ.

ಬ್ಯಾಕು ಚೆಂಡನ್ನು ಇನ್ನೊಬ್ಬನಿಗೆ ಕೊಡುವ ಮೊದಲೇ ಡ್ರಿಲ್ ಮಾಸ್ತರರು ಜೇಬಿನಿಂದ ಗಡಿಯಾರ ತೆಗೆದು ನೋಡಿ, ಮುಚ್ಚಳ ಮುಚ್ಚಿ, ಉದ್ದನೆಯ ಸೀಟಿ ಹೊಡೆದರು.

ನಮ್ಮ ಹನ್ನೊಂದು ಮಂದಿ ನಿಂತಲ್ಲೇ ನಿಂತರು. ಯಾರಿಗೂ ಬೆವರು ಕೂಡ ಬಂದಿರಲಿಲ್ಲ. ಮಾವ ಮಾಸ್ತರರ ಹತ್ತಿರ ಕುಂಟುತ್ತ ಹೋದ.

"ಇದ್ಯಾತರ ಸೀಟಿರಿ?"

"ಆಟ ಮುಗೀತು."

"ಹೆಂಗ ಮುಗೀತದ್ರಿ? ನಾವು ಇನ್ನಾ ಶುರು ಮಾಡಿಲ್ಲಲ್ಲ!"

ಮಾಸ್ತರರು ಗಡಿಯಾರವನ್ನು ಜೇಬಿಗಿಳಿಸಿದರು. ಸುರಪುರದವರಿಗೆ ಸಹಜವಾದ ರಾಜಮರ್ಯಾದೆಯಿಂದ, "ಅದು ನಿಮ್ಮ ಖುಷಿ," ಎಂದರು.

ಉಡಿ ತುಂಬುವ ಹೊತ್ತು ಬಂತು. ಶಹಾಪುರದ ಕಪ್ತಾನ ಖಾಲಿ ಕೈಯಲ್ಲಿ ಎದುರು ಬಂದು ನಿಂತಿದ್ದ. ಸುತ್ತ ಜನ. ನಮ್ಮ ಹತ್ತಿರ ಅಕ್ಕಿಯಿಲ್ಲ, ಖಣವಿಲ್ಲ. "ನಮ್ಮ ಮನಿಯಿಂದ ತರಸಲೇನ್ರಿ?" ಎಂದು ಆ ಹುಡುಗ ಕೇಳಿದ. ಮೂದಲಿಸಿ ಅಲ್ಲ, ನಿಜವಾಗಿ ಕೇಳಿದ. ಅದಕ್ಕೇ ಇನ್ನಷ್ಟು ಕೆಟ್ಟೆನಿಸಿತು. ಮಾವ ನೆಲ ನೋಡುತ್ತಿದ್ದ. ಕೈಗೆ ಏನಾದರೂ ಕೆಲಸ ಬೇಕಾಗಿತ್ತೋ ಏನೋ, ನಾನು ರೊಟ್ಟಿಯ ಗಂಟನ್ನು ಪೂರಾ ಬಿಚ್ಚಿದೆ. ರೊಟ್ಟಿಗಳ ಅಡಿಯಲ್ಲಿ ಮಡಿಸಿಟ್ಟ ಹಸಿರು ಖಣ ಇತ್ತು. ಖಣದೊಳಗೆ ಅಕ್ಕಿ, ಒಂದು ತೆಂಗಿನಕಾಯಿ, ಉತ್ತತ್ತಿ, ಅರಿಶಿಣ-ಕುಂಕುಮದ ಪೊಟ್ಟಣ.

ಮಾವ ಅದನ್ನು ನೋಡಿದ. ಮಂಡಿಯೂರಿ ಕೂರಲು ಅವನಿಗೆ ಆಗುತ್ತಿರಲಿಲ್ಲ. ನಾನು ಹಿಡಿದುಕೊಂಡೆ. ಚೆಂಡಿನ ಮಣ್ಣನ್ನು ಅಂಗಿಯ ತುದಿಯಿಂದ ಒರೆಸಿ, ಹೊಲಿಗೆಯ ಮೇಲೆ ಅರಿಶಿಣ-ಕುಂಕುಮ ಹಚ್ಚಿದ. ಖಣ ಹಾಸಿ ಕೂರಿಸಿ, ಅಕ್ಕಿ ತುಂಬಿ, ಕಾಯಿ ಇಟ್ಟು, ಗಂಟು ಕಟ್ಟಿದ. "ಎಣ್ಣಿ ಹಚ್ಚತಿರು," ಎಂದು ಆ ಹುಡುಗನಿಗೆ ಹೇಳಿದ. "ಬಿಸಲಾಗ ಇಡಬ್ಯಾಡ." "ಆಗಲ್ರಿ ಅಣ್ಣಾರ," ಎಂದ ಅವನು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಯಾದಗಿರಿಗೆ ಬಂದೆವು. ಸ್ಟೇಶನ್ ರಸ್ತೆಯ ಚಹಾದಂಗಡಿಯಲ್ಲಿ ಸೋಲಿನ ವಿಚಾರಣೆ ಕೂತಿತು. ಅಧ್ಯಕ್ಷತೆ ಅಂಗಡಿಯ ಮಾಲೀಕನದು. ಅವನು ಒಲೆ ಬಿಟ್ಟು ಎಂದೂ ಒಂದು ಪಂದ್ಯ ನೋಡಿದವನಲ್ಲ. ಆದ್ದರಿಂದ ಪಕ್ಷಪಾತಕ್ಕೆ ಆಸ್ಪದವಿರಲಿಲ್ಲ. ಮೈದಾನ ಒಂದು ಕಡೆ ಇಳಿಜಾರು ಎಂದರು ಕೆಲವರು. ಹಾಫ್‌ಟೈಮಿನಲ್ಲಿ ಕಡೆ ಬದಲಾಯಿಸಿದೆವಲ್ಲ ಎಂದರೆ, ಆಗ ಇನ್ನೊಂದು ಕಡೆ ಇಳಿಜಾರಾಯಿತು ಎಂದರು. ಗೋಲ್‌ಕೀಪರನ ಮೇಲೆ ಆರೋಪ ಬಂದಾಗ ಅವನು, "ನಾ ಒಬ್ಬಾಂವ ಎಷ್ಟಂತ ಅಗಲ ಆಗ್ಲಿ?" ಎಂದು ಕಣ್ಣೀರು ತಂದ. ಕೊನೆಗೆ ಮಾಲೀಕ ಚಹಾ ಸೋಸುತ್ತ ಕೇಳಿದ:

"ಅಲ್ರಿ, ಗೋಲು ಮುಂದನ ಇದ್ದಾಗ ಕಪ್ತಾನ ಚೆಂಡು ಹಿಂದಕ ಯಾಕ ಕೊಟ್ಟ?"

"ಹೊತ್ತಾಗಿರಲಿಲ್ಲಲ್ಲ," ಎಂದರು ಎಲ್ಲರೂ ಒಟ್ಟಿಗೆ.

"ಹಂಗಾರ ಸರಿ," ಎಂದು ಅವನು ವಿಚಾರಣೆ ಮುಗಿಸಿದ. ನನಗೆ ಮಾತ್ರ ಚಹಾ ರುಚಿಸಲಿಲ್ಲ. ಆ ಉತ್ತರದಲ್ಲೇ ಏನೋ ಸಿಕ್ಕಿಕೊಂಡಂತಿತ್ತು, ಹಲ್ಲಿನ ಸಂದಿಯಲ್ಲಿ ಅಡಿಕೆಯ ಚೂರು ಸಿಕ್ಕಂತೆ.

ಸಂಜೆ ಕಚೇರಿ ಬಿಟ್ಟು ಮೈದಾನಕ್ಕೆ ಹೋದೆ. ಚೆಂಡಿಲ್ಲದಿದ್ದರೂ ಎಲ್ಲರೂ ಅಲ್ಲಿಗೇ ಬಂದಿದ್ದರು. ಬೇರೆ ಎಲ್ಲಿಗೆ ಹೋಗುತ್ತಾರೆ? ಸಾಲಾಗಿ ಕುಳಿತು ಹುಲ್ಲು ಕೀಳುತ್ತಿದ್ದರು. ಮಾವ ಕಾಲು ಚಾಚಿ ಕೂತಿದ್ದ.

ಖಟ್ಟೆಂದು ಸಿಗ್ನಲ್ಲಿನ ಕೈ ಬಿತ್ತು.

ಹನ್ನೊಂದು ಮಂದಿಯೂ ಒಮ್ಮೆಲೇ ಎದ್ದು ನಿಂತರು. ಬಾತ ಮೊಣಕಾಲಿನ ಮಾವ ಎಲ್ಲರಿಗಿಂತ ಮೊದಲು ಎದ್ದು ಎರಡು ಹೆಜ್ಜೆ ಓಡಿಯೂಬಿಟ್ಟಿದ್ದ. ನಾನೂ ಎದ್ದಿದ್ದೆ. ಮುಂದೆ ಖಾಲಿ ಮೈದಾನ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹೊತ್ತಿಗೆ ನನ್ನೊಳಗೆ ಹಿಂದಿನ ದಿನದಿಂದ ಒದ್ದಾಡುತ್ತಿದ್ದುದು ನಿಂತಿತು. ಮುದುಕನ ಬೀಡಿಯೂ ಅವನು ನನ್ನನ್ನು ನೋಡಿದ ನೋಟವೂ ನೆನಪಾದವು.

"ಅಲ್ಲೋ," ಎಂದ ಮಾವ, ಯಾರಿಗೆಂದಿಲ್ಲ. "ಶಹಾಪುರದಾಗ ರೈಲು ಎಲ್ಲದ?"

"ಇಲ್ಲ ಬಿಡ್ರಿ," ಎಂದ ಗೋಲ್‌ಕೀಪರ್ ಬಹಳ ಮೆಲ್ಲಗೆ.

"ಮತ್ತ ನಾವು ಯಾರ ಹಾದಿ ಕಾಯಾಕತ್ತಿದ್ವಿ?"

ಪ್ಯಾಸೆಂಜರ್ ಬಂತು, ನಿಂತಿತು, ಗಾರ್ಡ್ ಸೀಟಿ ಊದಿದ, ಹೊರಟಿತು. ಯಾರಿಗೂ ನಗು ಬರಲಿಲ್ಲ. ವರ್ಷಗಳ ಮೇಲೆ ಇದನ್ನು ಹೇಳಿ ನಾವು ನಕ್ಕಿದ್ದೇವೆ. ಆದರೆ ಆ ಸಂಜೆ ಒಬ್ಬೊಬ್ಬರಾಗಿ ಹುಲ್ಲು ಕೊಡವಿಕೊಂಡು ಮನೆಗೆ ಹೋದೆವು.

ನಾನು ಮಾವನ ಜೊತೆ ಅವನ ಮನೆಯವರೆಗೆ ಹೋದೆ. ನೆಲುವಿನಲ್ಲಿ ಬೆಣ್ಣೆಯ ಗಡಿಗೆ ಮತ್ತೆ ಏರಿತ್ತು. ಮಾವ ಅದನ್ನು ನೋಡುತ್ತ, "ಸೋಲ್ತೀವಂತ ನಿನಗ ಮೊದಲ ಗೊತ್ತಿತ್ತಲ್ಲ?" ಎಂದ.

"ನನಗೇನು ಗೊತ್ತಾಗಬೇಕ್ರಿ ಚೆಂಡಾಟ?" ಎಂದಳು ಅತ್ತೆ. "ಸೋತರೂ ಕಂಡವರ ಮನಿ ಅಕ್ಕಿ ಹಾಕಿ ಕಳಸಬಾರದು ಅಂತ ಇಟ್ಟೆ. ಇಷ್ಟು ದಿನ ನಮ್ಮನ್ಯಾಗ ಇತ್ತಲ್ಲ."

ಅವಳು ಎಣ್ಣೆಯ ಬಟ್ಟಲು ತಂದು ಅವನ ಕಾಲಬಳಿ ಕೂತಳು. ತಿಕ್ಕುತ್ತ ತಿಕ್ಕುತ್ತ, ತಲೆಯೆತ್ತದೆ ಹೇಳಿದಳು: "ಯುಗಾದಿಗೆ ತಿರುಗಿ ಬರ್ತದಲ್ಲ. ಪೂರಾ ಹಂಗಾಮು ಅಂದಿದ್ರಿ, ಇದು ಲೆಕ್ಕಕ್ಕಿಲ್ಲ. ಮುಂದಿನ ವರ್ಷ ಆಡ್ರಿ."

"ದೇವರ ಮುಂದ ಹೇಳೀನಿ," ಎಂದ ಮಾವ.

"ದೇವರಿಗೆ ನಾ ಹೇಳ್ತೀನಿ."

ಮಾವ ಕಾಲನ್ನು ಮೆಲ್ಲಗೆ ಮಡಚಿ ನೋಡಿದ. ಆಮೇಲೆ, "ನೋಡೂಣು," ಎಂದ.

ಯುಗಾದಿಯ ಮರುದಿನ ಚೆಂಡು ಇದ್ದಿಲಿನ ಬಸ್ಸಿನಲ್ಲಿ ಮರಳಿ ಬಂತು. ಶಹಾಪುರದವರು ಕೆಂಪು ಖಣದಲ್ಲಿ ಉಡಿ ತುಂಬಿ ಕಳಿಸಿದ್ದರು. ಚೆನ್ನಾಗಿ ಎಣ್ಣೆ ಹಚ್ಚಿದ್ದರು. ಮಾವನ ಮೊಣಕಾಲಿನ ಬಾವು ಮುಂದಿನ ದೀಪಾವಳಿಗೂ ಇಳಿಯಲಿಲ್ಲ. ಅದರಾಚೆಗೆ, ನಿಜಾಮರ ಆಳ್ವಿಕೆ ಕೊನೆಗಾಣುವ ಗದ್ದಲದ ವರ್ಷಗಳಲ್ಲಿ, ನಾಲ್ಕು ಜನ ಮೈದಾನದಲ್ಲಿ ಸೇರುವುದೇ ಕಷ್ಟವಾಯಿತು. ಮಾವ ಕೊನೆಯದೆಂದಿದ್ದ ಆ ಹಂಗಾಮಿನಲ್ಲಿ ಯಾದಗಿರಿ ಆಡಿದ್ದು ಒಂದೇ ಪಂದ್ಯ. ಶಹಾಪುರ ಒಂದು ಗೋಲು, ಯಾದಗಿರಿ ಸೊನ್ನೆ. ಮಾವ ಮತ್ತೆ ಆಡಲಿಲ್ಲ.